ನೀವು ಬಾಗಿಲು ಹಾಕಿದ್ದಿರಿ

ಸುಧಾ ಅತ್ತಿಗೆ, ಆ ದಿನ ನೀವು ಬಾಗಿಲು ಹಾಕಿದ್ದಿರಿ.

ಚಕ್ಲಿಯ ಗಾಜಿನ ಬಾಗಿಲನ್ನು ಪೂರ್ತಿ ತಳ್ಳಿ, ಅದು ಮರಕ್ಕೆ ತಾಗಿದ ಸದ್ದು ಕೇಳಿಸಿಕೊಂಡು, ಆಮೇಲೇ ನೀವು ಮಲಗಲು ಹೋಗಿದ್ದಿರಿ. ಮೇಘಾಳ ಮುಂದೆ ಅಳುತ್ತಾ ನೀವು ಹೇಳಿದ್ದು ಅಷ್ಟೂ ನಿಜ. ಅದು ನಿಜವೆಂದು ನಿಮಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಹಾಕಿದ ಬಾಗಿಲು ತಾನಾಗಿ ಜಾರಿ ತೆರೆದುಕೊಳ್ಳುವ ಹಾಗೆ ಅದನ್ನು ಕೂರಿಸಿದವಳು ನಾನು. ತಪ್ಪಿ ಅಲ್ಲ. ಬೇಕೆಂದೇ.

ಇದನ್ನು ನೀವಲ್ಲದೆ ಬೇರೆಯವರೂ ಓದುತ್ತಾರೆ. ಅವರಿಗಾಗಿ ಎರಡು ಮಾತು. ಸುಧಾ ಅತ್ತಿಗೆ ನನ್ನ ಗಂಡನ ಅಕ್ಕ; ಸಯನ್‌ನಲ್ಲಿ, ರೈಲು ಹಳಿಗೆ ಬೆನ್ನು ಮಾಡಿ ನಿಂತ ಹಳೆಯ ಬಿಲ್ಡಿಂಗ್ ಒಂದರ ಎರಡನೇ ಮಹಡಿಯಲ್ಲಿದ್ದಾರೆ. ಮೇಘಾ ಅವರ ಒಬ್ಬಳೇ ಮಗಳು. ನಾನು ವಿಮಲಾ. ದಹಿಸರ್‌ನಲ್ಲಿ ನಮ್ಮದು ಗಾಜು ಮತ್ತು ಅಲ್ಯೂಮಿನಿಯಂ ಕೆಲಸದ ಸಣ್ಣ ಅಂಗಡಿ — ನನ್ನ ಗಂಡ ಹೊರಗೆ ಹೋಗಿ ಅಳತೆ ತರುತ್ತಾರೆ, ಗಾಜು ಕೊಯ್ಯುವವಳು, ಕೂರಿಸುವವಳು ನಾನು. ಚಕ್ಲಿ ಎನ್ನುವುದು ಒಂದು ಹಲ್ಲಿ.

ಗೋಡೆಯ ಮೇಲೆ ಓಡಾಡುವ ಹಲ್ಲಿ ಅಲ್ಲ. ಹೊರದೇಶದ ಜಾತಿ, ಗೇಣುದ್ದ, ಹಳದಿ ಮೈ, ಮೈ ತುಂಬ ಚಿರತೆಯ ಚುಕ್ಕೆ, ಉಂಗುರ ಉಂಗುರವಾದ ದಪ್ಪ ಬಾಲ. ಚಕ್ಕುಲಿಯ ಹಾಗೆ ಮುಳ್ಳುಮುಳ್ಳು ಚರ್ಮ, ಅದಕ್ಕೇ ಆ ಹೆಸರು. ಮೇಘಾ ಅದನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಬಾಂದ್ರಾದಿಂದ ತಂದ ದಿನ ನೀವು ಫೋನ್ ಮಾಡಿ ನಕ್ಕಿದ್ದಿರಿ — ಬಹಳ ದಿನಗಳ ನಂತರ ನಕ್ಕಿದ್ದಿರಿ.

"ನೋಡು ವಿಮಲಾ, ಟ್ಯೂಬ್‌ಲೈಟ್ ಹಿಂದೆ ಬಿಟ್ಟಿ ಹಲ್ಲಿ ಮೂರಿವೆ. ನನ್ನ ಮಗಳು ನಾಲ್ಕನೇದನ್ನ ಲೋಕಲ್‌ನಲ್ಲಿ ಫಸ್ಟ್ ಕ್ಲಾಸ್‌ನಲ್ಲಿ ಕೂರಿಸ್ಕೊಂಡು ಬಂದಿದ್ದಾಳೆ."

ಹಿಂದಿನಿಂದ ಮೇಘಾಳ ದನಿ ಕೇಳಿತು: "ಅಮ್ಮಾ, ಇದು ಬ್ಲಿಂಕ್ ಮಾಡತ್ತೆ! ದೇಖೋ ನಾ, ಕಣ್ಣು ಮುಚ್ಚತ್ತೆ!"

"ಕಣ್ಣು ಮುಚ್ಚೋಕೆ ನಿಮ್ಮಪ್ಪನಿಗೂ ಬರ್ತಿತ್ತು. ಅವರಿಗೇನು ಗಾಜಿನ ಮನೆ ಕಟ್ಸಿದ್ನಾ ನಾನು?"

ಆ ನಗುವಿನ ಬೆಲೆ ನನಗೆ ಗೊತ್ತಿತ್ತು. ಮೇಘಾಳ ಮದುವೆ ಮುರಿದು, ಅವಳು ಸೂಟ್‌ಕೇಸ್ ತೆಗೆದುಕೊಂಡು ಸಯನ್‌ಗೆ ವಾಪಸ್ ಬಂದು ಎಂಟು ತಿಂಗಳಾಗಿತ್ತು. ಆಫೀಸಿಗೆ ಹೋಗುತ್ತಿದ್ದಳು, ಬರುತ್ತಿದ್ದಳು, ತಟ್ಟೆಯ ಮುಂದೆ ಕೂರುತ್ತಿದ್ದಳು — ಮಾತು ಇರಲಿಲ್ಲ. ಆ ಹಲ್ಲಿ ಬಂದ ಮೇಲೆ ಮಾತು ಬಂತು. ಅದಕ್ಕಾಗಿ ನೀವು, ಈರುಳ್ಳಿಯನ್ನು ಕೂಡ ಬೇರೆ ಬುಟ್ಟಿಯಲ್ಲಿಡುವ ನೀವು, ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಜೀವಂತ ಹುಳದ ಡಬ್ಬಿಗೆ ಜಾಗ ಕೊಟ್ಟಿರಿ. ಮಗಳು ಆಫೀಸಿನಲ್ಲಿದ್ದಾಗ ಮಧ್ಯಾಹ್ನ ಚಿಮಟದಲ್ಲಿ ಹುಳ ಹಿಡಿದು, ಮುಖ ಆ ಕಡೆ ತಿರುಗಿಸಿ, ಅದಕ್ಕೆ ತಿನ್ನಿಸಿದಿರಿ. ಇದೆಲ್ಲ ನನಗೆ ಗೊತ್ತಿತ್ತು ಎಂದು ಬರೆಯುತ್ತಿದ್ದೇನೆ. ಗೊತ್ತಿರಲಿಲ್ಲ ಎಂದು ಯಾರೂ ನನ್ನ ಪರವಾಗಿ ಹೇಳಬಾರದು.

ಈಗ ನನ್ನ ಸಿಟ್ಟಿನ ವಿಷಯ. ಇದು ಕಾರಣ, ಸಮರ್ಥನೆ ಅಲ್ಲ — ಹೀಗೆ ಬರೆದ ಕೂಡಲೇ ನನಗೆ ಅನುಮಾನ. ಕಾರಣ ಹೇಳುವವರೆಲ್ಲ ಸಮರ್ಥನೆಯನ್ನೇ ಹೇಳುತ್ತಿರುತ್ತಾರೆ. ಆದರೂ ಹೇಳದೆ ಮುಂದಕ್ಕೆ ಹೋಗಲಾಗುವುದಿಲ್ಲ.

ನನ್ನ ಮಾವ, ನಿಮ್ಮ ಅಪ್ಪ, ಕೊನೆಯ ಎರಡು ವರ್ಷ ದಹಿಸರ್‌ನಲ್ಲಿ ನಮ್ಮ ಜೊತೆ ಇದ್ದರು. ಮೊದಲು ಹೆಸರು ಮರೆತರು, ಆಮೇಲೆ ಹೊತ್ತು, ಆಮೇಲೆ ಮನೆ. ಅಂಗಡಿ ಪಕ್ಕದ ಗಲ್ಲಿಯಲ್ಲೇ. ನಾನು ಮಧ್ಯಾಹ್ನ ಬಂದು ಅವರಿಗೆ ಮೊಸರನ್ನ ಕಲಸಿ ತಿನ್ನಿಸಿ ವಾಪಸ್ ಹೋಗುತ್ತಿದ್ದೆ. ಒಳಗಿನ ಲ್ಯಾಚ್ ಅವರಿಗೆ ತೆಗೆಯಲು ಬರುತ್ತಿತ್ತು. ಆದ್ದರಿಂದ ಹೋಗುವಾಗ ಹೊರಗಿನಿಂದ ಚಿಲಕ ಹಾಕುತ್ತಿದ್ದೆ. ಒಬ್ಬ ಮನುಷ್ಯನನ್ನು ಒಳಗಿಟ್ಟು ಹೊರಗಿನಿಂದ ಚಿಲಕ ಹಾಕುವಾಗ ಕೈಗೆ ಏನಾಗುತ್ತದೆ ಎಂದು ಹಾಕಿದವರಿಗೇ ಗೊತ್ತು.

ಒಂದು ಭಾನುವಾರ ನೀವು ಬಂದಿರಿ, ಆ ಚಿಲಕ ನೋಡಿದಿರಿ. ಮೆಟ್ಟಿಲ ಮೇಲೇ ನಿಂತು, ಪಕ್ಕದ ಮನೆಯವರಿಗೂ ಕೇಳುವ ಹಾಗೆ ಹೇಳಿದಿರಿ:

"ಅಪ್ಪನ್ನ ಹೊರಗಿಂದ ಚಿಲಕ ಹಾಕಿ ಕೂರಿಸ್ತೀಯಾ? ಪ್ರಾಣೀನಾ ಅವರು?"

ಅದಾದ ಮೂರು ವಾರಕ್ಕೆ — ಮೂರೋ, ಐದೋ — ಮಾವ ಒಂದು ಮಧ್ಯಾಹ್ನ ಮನೆಯಿಂದ ಹೊರಟುಹೋದರು. ಯಾವುದೋ ಲೋಕಲ್ ಹತ್ತಿದರು. ಮೂರನೇ ದಿನ ವಿರಾರ್ ಕಡೆಯ ಒಂದು ಸ್ಟೇಷನ್ನಿನ ಬೆಂಚಿನ ಮೇಲೆ ಸಿಕ್ಕರು, ಮಳೆಗೆ ನೆನೆದು, ಜ್ವರದಲ್ಲಿ. ಹತ್ತು ದಿನ ಬದುಕಿದ್ದರು.

ವೈಕುಂಠ ಸಮಾರಾಧನೆಯ ದಿನ ಎಲೆ ಹಾಕಿ ಎಲ್ಲರೂ ಕೂತಿದ್ದಾಗ ನೀವು ಕೇಳಿದಿರಿ. ನನ್ನನ್ನಲ್ಲ. ಸಾಲಿನಲ್ಲಿ ಕೂತವರನ್ನು:

"ಒಂದು ಬಾಗಿಲು ಹಾಕೋಕೆ ಎಷ್ಟು ಹೊತ್ತು ಬೇಕಿತ್ತು ಇವಳಿಗೆ?"

ನಾನು ಕೈಯಲ್ಲಿ ಪಾಯಸದ ಪಾತ್ರೆ ಹಿಡಿದು ನಿಂತಿದ್ದೆ. ನನ್ನ ಗಂಡ ಎಲೆಯ ತುದಿಯಲ್ಲಿದ್ದ ಉಪ್ಪನ್ನು ಬೆರಳಿನಿಂದ ಸರಿಸುತ್ತಿದ್ದರು. ನಾನು ಮುಂದಿನ ಎಲೆಗೆ ಬಡಿಸಿದೆ.

ನಾನು ಆ ಮಧ್ಯಾಹ್ನ ಚಿಲಕ ಹಾಕಿದ್ದೆನೋ ಇಲ್ಲವೋ? ಎಷ್ಟೋ ವರ್ಷ ಹಾಕಿದ್ದೆ ಎಂದೇ ನಂಬಿದ್ದೆ. ಚಿಲಕದ ಸದ್ದು ಈಗಲೂ ಕಿವಿಯಲ್ಲಿದೆ. ಆದರೆ ಅದು ಆ ದಿನದ ಸದ್ದೋ, ಅದಕ್ಕೆ ಮುಂಚಿನ ಆರುನೂರು ದಿನಗಳಲ್ಲಿ ಯಾವುದರದೋ — ಸದ್ದಿನ ಮೇಲೆ ತಾರೀಖು ಬರೆದಿರುವುದಿಲ್ಲ. 'ಪ್ರಾಣೀನಾ ಅವರು' ಎಂದು ನೀವು ಹೇಳಿದ ಮೇಲೆ ಕೆಲವು ದಿನ ನಾನು ಚಿಲಕ ಹಾಕದೆ ಹೋದದ್ದು ಉಂಟು. ಆ ದಿನ ಅವುಗಳಲ್ಲಿ ಒಂದೋ? ಗೊತ್ತಿಲ್ಲ. ಹಾಕಿದರೆ ಪ್ರಾಣಿ ಮಾಡಿದವಳು, ಹಾಕದಿದ್ದರೆ ಕೊಂದವಳು — ಎರಡನ್ನೂ ನೀವೇ ಹೇಳಿದಿರಿ, ನಡುವೆ ಇದ್ದದ್ದು ಹೆಚ್ಚೆಂದರೆ ಎರಡು ತಿಂಗಳು.

ಅಂದಿನಿಂದ ಅಂಗಡಿಗೆ ಹೊರಟವಳು ಗಲ್ಲಿಯ ತಿರುವಿನಿಂದ ವಾಪಸ್ ಬಂದು ಬೀಗ ಎಳೆದು ನೋಡುತ್ತೇನೆ. ಒಮ್ಮೆ ಅಲ್ಲ. ನಮ್ಮ ವಾಚ್‌ಮನ್ ನನ್ನನ್ನು ಬೆನ್ನ ಹಿಂದೆ 'ತಾಲಾವಾಲಿ', ಬೀಗದವಳು, ಎನ್ನುತ್ತಾನೆ. ಆರು ವರ್ಷ ಹೀಗಾದ ಮೇಲೆ ನಿಮ್ಮ ಫೋನ್ ಬಂತು: "ವಿಮಲಾ, ಚಕ್ಲಿಗೆ ದೊಡ್ಡ ಮನೆ ಬೇಕಂತೆ. ಪಕ್ಕಕ್ಕೆ ತಳ್ಳೋ ಗಾಜಿನ ಬಾಗಿಲು ಬೇಕಂತೆ. ಮೇಘಾ ಮೊಬೈಲ್‌ನಲ್ಲಿ ವಿಡಿಯೋ ನೋಡಿ ತಾನೇ ಮಾಡ್ತೀನಿ ಅಂತಾಳೆ, ಬೆರಳು ಕೊಯ್ಕೋತಾಳೆ. ನೀನೇ ಬಂದು ಮಾಡ್ಕೊಡು."

ನಾನು ಒಳ್ಳೆಯ ಮನಸ್ಸಿನಿಂದ ಬಂದೆ ಎಂದು ನನ್ನ ನೆನಪು ಹೇಳುತ್ತದೆ. ನನ್ನ ನೆನಪನ್ನು ನಂಬಬೇಡಿ. ಯಾಕೆಂದು ಆಮೇಲೆ ಗೊತ್ತಾಗುತ್ತದೆ.

ಅದು ಒಂದು ಶನಿವಾರ. ನಿಮ್ಮ ಹಾಲ್‌ನಲ್ಲಿ, ಹಳಿಯ ಕಡೆಯ ಗೋಡೆಗೆ ಒರಗಿಸಿ, ಒಂದು ಹಳೆಯ ಟೇಬಲ್ಲಿನ ಮೇಲೆ ಮರದ ಕಪಾಟನ್ನು ಅಡ್ಡ ಮಲಗಿಸಿದ್ದಿರಿ. ಮಾವನ ಪುಸ್ತಕದ ಕಪಾಟು. ಅವರು ಹೋದ ಮೇಲೆ 'ಅಪ್ಪನ ನೆನಪಿಗೆ' ಎಂದು ಟೆಂಪೋದಲ್ಲಿ ದಹಿಸರ್‌ನಿಂದ ಸಯನ್‌ಗೆ ತರಿಸಿಕೊಂಡಿದ್ದಿರಲ್ಲ, ಅದೇ. ಹಲಗೆಗಳನ್ನು ಕಿತ್ತು, ಒಳಗೆ ಮರಳು, ಕಲ್ಲು, ಒಂದು ಬೆಚ್ಚನೆಯ ದೀಪ. ಮುಂದುಗಡೆ ಮಾತ್ರ ತೆರೆದಿತ್ತು.

ಆ ಕಪಾಟಿನ ಒಳಗೆ, ತನ್ನ ಪ್ಲಾಸ್ಟಿಕ್ ಡಬ್ಬಿಯಲ್ಲೇ, ಹಲ್ಲಿ ಕೂತು ನನ್ನನ್ನು ನೋಡಿ ನಿಧಾನವಾಗಿ ಕಣ್ಣು ಮುಚ್ಚಿತು, ತೆಗೆಯಿತು.

ನಾನು ಟೇಪು ಹಿಡಿದು ಅಳತೆ ತೆಗೆದುಕೊಳ್ಳುತ್ತಿದ್ದೆ. ಅಳತೆ ಯಾವಾಗಲೂ ಮೂರು ಕಡೆ — ಎಡಕ್ಕೆ, ನಡುವೆ, ಬಲಕ್ಕೆ. ಈ ಊರಿನಲ್ಲಿ ಯಾವ ಗೋಡೆಯೂ ನೆಟ್ಟಗಿಲ್ಲ, ಯಾವ ನೆಲವೂ ಸಮ ಇಲ್ಲ. ಒಂದೇ ಕಡೆ ಅಳೆದು ಗಾಜು ಕೊಯ್ದವರು ಅಳುತ್ತಾರೆ. ನೀವು ಕಾಫಿ ತಂದು ಪಕ್ಕದಲ್ಲಿ ಇಟ್ಟಿರಿ. ಇಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೇಳಿದಿರಿ:

"ಬಾಗಿಲು ಮಾತ್ರ ಭದ್ರವಾಗಿರ್ಲಿ ವಿಮಲಾ. ಅದರ ಕಷ್ಟ ನಿನಗೆ ಹೇಳ್ಬೇಕಾ."

ಚುಚ್ಚಿ ಹೇಳಿದಿರೋ, ಸಹಜವಾಗಿ ಹೇಳಿದಿರೋ? ಈಗ ಯೋಚಿಸಿದರೆ ಸಹಜವಾಗಿಯೇ ಇರಬಹುದು. ನನ್ನ ಕಷ್ಟ ನಿಮಗೆ ಕೊನೆಗೂ ಅರ್ಥವಾಗಿದೆ ಎಂದೂ ಇರಬಹುದು. ಆಗ ನನಗೆ ಕೇಳಿಸಿದ್ದು ಒಂದೇ ರೀತಿ. ಪಾಯಸದ ಪಾತ್ರೆಯ ಬಿಸಿ ಕೈಗೆ ತಾಗಿತು. ಕಾಫಿ ಕುಡಿದೆ. ಚೆನ್ನಾಗಿದೆ ಅತ್ತಿಗೆ, ಎಂದೆ.

ಕೆಲಸವನ್ನು ಬಿಡಿಸಿ ಹೇಳುತ್ತೇನೆ, ನಿಮಗೂ ಮೇಘಾಳಿಗೂ ಪೂರ್ತಿ ಗೊತ್ತಾಗಬೇಕು. ಮುಂದಿನ ಶನಿವಾರ ನಾನು ಎರಡು ಗಾಜು ಕೊಯ್ದು ತಂದೆ, ಐದು ಎಂ.ಎಂ. ದಪ್ಪದವು. ಕಟರನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒಂದೇ ಎಳೆತಕ್ಕೆ ಗೆರೆ ಎಳೆದಿದ್ದೆ. ಅಂಚುಗಳನ್ನು ಕಲ್ಲಿನಿಂದ ಉಜ್ಜಿ ಕೆನ್ನೆಗೆ ತಾಗಿಸಿ ನೋಡಿದ್ದೆ — ಆ ಹಲ್ಲಿಗಾಗಲಿ, ಮೇಘಾಳ ಬೆರಳಿಗಾಗಲಿ ಗಾಯವಾಗಬಾರದು ಎಂದು. ಹೌದು, ಅದನ್ನೂ ಮಾಡಿದ್ದೆ. ಕಪಾಟಿನ ಮೇಲಂಚಿಗೆ ಒಂದು, ಕೆಳಗಿನ ಅಂಚಿಗೆ ಒಂದು ಅಲ್ಯೂಮಿನಿಯಂ ಪಟ್ಟಿ. ಪ್ರತಿ ಪಟ್ಟಿಯಲ್ಲೂ ಎರಡು ಜಾಡು, ಹಿಂದೊಂದು ಮುಂದೊಂದು. ಮೇಲಿನ ಪಟ್ಟಿಯ ಜಾಡು ಆಳ, ಕೆಳಗಿನದು ಅಷ್ಟಿಲ್ಲ. ಗಾಜನ್ನು ಮೊದಲು ಮೇಲಕ್ಕೆ ತೂರಿಸಿ ಆಮೇಲೆ ಕೆಳಗೆ ಇಳಿಬಿಡಬೇಕು. ಇಳಿಬಿಟ್ಟರೆ ಅವು ಒಂದರ ಹಿಂದೆ ಒಂದು ಸರಿಯುತ್ತವೆ. ಜಾಡಿಗೆ ಮೇಣದಬತ್ತಿ ಉಜ್ಜಿದರೆ ಬೆಣ್ಣೆಯ ಹಾಗೆ ಸರಿಯುತ್ತವೆ. ನಾನು ಮೇಣ ಉಜ್ಜಿದೆ. ಬೇಕಾದದ್ದಕ್ಕಿಂತ ಹೆಚ್ಚು.

ಕೆಳಗಿನ ಪಟ್ಟಿ ಸಮವಾಗಿ ಕೂರಬೇಕು. ಸಮ ನೋಡಲು ನನ್ನ ಬಳಿ ನೀರಿನ ಗುಳ್ಳೆಯ ಸ್ಪಿರಿಟ್ ಲೆವೆಲ್ ಇದೆ. ಗುಳ್ಳೆ ಎಡಕ್ಕೆ ಹೋಗಿತ್ತು, ಅಂದರೆ ಎಡ ಎತ್ತರ, ಬಲ ತಗ್ಗು. ಎಡಗಡೆಯ ಗಾಜನ್ನು ಮುಚ್ಚಿ ಬಿಟ್ಟರೆ ಅದು ಬಲಕ್ಕೆ ಜಾರುತ್ತದೆ, ಎಡಗಡೆ ಸಂದು ಬಿಡುತ್ತದೆ. ಸುಮ್ಮನೆ ಜಾರುವಷ್ಟು ಅಲ್ಲ. ಆದರೆ ನಿಮ್ಮ ಮನೆಯ ಹಿಂದೆ ಪ್ರತಿ ಲೋಕಲ್ ಹೋದಾಗಲೂ ಷೋಕೇಸಿನಲ್ಲಿ ಸ್ಟೀಲಿನ ಲೋಟಗಳು ಕಣಕಣ ಎನ್ನುತ್ತವೆ. ಒಂದು ರೈಲಿಗೆ ಒಂದು ಕೂದಲೆಳೆ.

ಕೆಲಸ ಮುಗಿದ ಮೇಲೆ ನಾನು ಯಾವಾಗಲೂ ಒಂದು ಪರೀಕ್ಷೆ ಮಾಡುತ್ತೇನೆ. ಗಾಜಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗೋಡೆಗೆ ಮುಷ್ಟಿಯಿಂದ ಹತ್ತು ಸಲ ಗುದ್ದುತ್ತೇನೆ. ಗೆರೆ ಸರಿಯಬಾರದು. ಆ ದಿನ ಗುದ್ದುವ ಅಗತ್ಯವೇ ಬೀಳಲಿಲ್ಲ. ಎರಡು ಲೋಕಲ್ ಹೋದವು. ನೀವು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದಿರಿ. ಗೆರೆ ಸರಿಯಿತು.

ನಾನು ಆ ಗೆರೆಯನ್ನು ಹೆಬ್ಬೆರಳಿನಿಂದ ಒರೆಸಿದೆ.

ಮೇಘಾ ಬಂದು ಗಾಜನ್ನು ಆ ಕಡೆ ಈ ಕಡೆ ಸರಿಸಿ ನೋಡಿ, "ಮಾಮಿ, ಕಿತ್ನಾ ಸ್ಮೂತ್ ಹೈ!" ಎಂದು ನನ್ನ ಕುತ್ತಿಗೆಗೆ ಕೈ ಹಾಕಿದಳು. ನನ್ನ ಚೀಲದಲ್ಲಿ ಷೋಕೇಸಿಗೆ ಹಾಕುವ ಸಣ್ಣ ಬೀಗ ಇತ್ತು, ಕಚ್ಚು ಕಚ್ಚಿನ ಪಟ್ಟಿಯದು. ಒಂದು ಗಾಜಿಗೆ ಸಿಕ್ಕಿಸಿದರೆ ಎರಡೂ ಅಲ್ಲಾಡುವುದಿಲ್ಲ. ಅದನ್ನು ಹಾಕಲೆಂದೇ ತಂದಿದ್ದೆ. "ಲಾಕ್ ಬೇಕಾ ಮಾಮಿ?" ಎಂದು ಅವಳೇ ಕೇಳಿದಳು. "ಬೇಡ ಕಣೇ, ಅಮ್ಮ ದಿನಾ ತೆಗೆದು ಹಾಕಬೇಕಲ್ಲ, ಕೀಲಿ ಎಲ್ಲಾದರೂ ಇಟ್ಟು ಮರೀತಾರೆ" ಎಂದೆ. ಬೀಗ ಚೀಲದಲ್ಲೇ ದಹಿಸರ್‌ಗೆ ವಾಪಸ್ ಬಂತು.

ನನಗೆ ಬೇಕಾಗಿದ್ದದ್ದು ಏನು? ಹಲ್ಲಿ ಸಾಯಲಿ ಎಂದಲ್ಲ. ಒಂದು ಸಂಜೆ ಮೇಘಾ ಮನೆಗೆ ಬರಲಿ, ಗಾಜು ತೆರೆದಿರಲಿ, ಅವಳು ನಿಮ್ಮ ಕಡೆ ತಿರುಗಿ ಕೇಳಲಿ, ನೀವು 'ಹಾಕಿದ್ದೆ' ಎನ್ನಿ, ಅವಳು ನಂಬದಿರಲಿ. ಅಷ್ಟೇ. ಅಷ್ಟನ್ನು ನಾನು ರೈಲಿನಲ್ಲಿ ಕಿಟಕಿ ಪಕ್ಕ ಕೂತು ಮತ್ತೆ ಮತ್ತೆ ನೋಡಿದೆ. ಸುಖವಾಗಿತ್ತು. ಆರು ವರ್ಷದಲ್ಲಿ ಮೊದಲ ಸಲ ನಾನು ಆ ದಿನ ಮನೆಗೆ ಹೋಗಿ, ಬೀಗ ಹಾಕಿ, ತಿರುಗಿ ನೋಡದೆ ಅಂಗಡಿಗೆ ನಡೆದೆ.

ಸರಿಪಡಿಸಲು ನನಗೆ ಒಂದು ಅವಕಾಶವೂ ಸಿಕ್ಕಿತ್ತು. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಬಂದಾಗ ನೀವು ಅಡುಗೆಮನೆಗೆ ಕರೆದು, ಮೇಘಾಳಿಗೆ ಕೇಳದ ಹಾಗೆ ಹೇಳಿದಿರಿ:

"ಆ ಗಾಜು ಯಾಕೋ ತಾನೇ ಜರಗತ್ತೆ ಅನ್ಸತ್ತೆ ವಿಮಲಾ. ನಾನು ಹಾಕಿರ್ತೀನಿ, ಎದ್ದು ನೋಡಿದ್ರೆ ಒಂದು ಬೆರಳು ಬಿಟ್ಟಿರತ್ತೆ. ನನಗೇ ಅರಳು ಮರಳು ಶುರುವಾಯ್ತಾ? ಅಪ್ಪನಿಗೆ ಬಂದ ಹಾಗೆ?"

ನಿಮ್ಮ ಮುಖದಲ್ಲಿ ಹೆದರಿಕೆ ಇತ್ತು. ನಾನು ಹೇಳಿದ್ದು:

"ಸರಿಯಾಗಿ ತಳ್ಳಿ ಅತ್ತಿಗೆ. ಪೂರ್ತಿ ಹಾಕಿರಲ್ಲ ನೀವು."

ಹತ್ತು ನಿಮಿಷದ ಕೆಲಸ. ಒಂದು ಸ್ಕ್ರೂ ಸಡಿಲಿಸಿ, ಪಟ್ಟಿ ತಗ್ಗಿಸಿ, ಮತ್ತೆ ಬಿಗಿ ಮಾಡಿದ್ದರೆ ಮುಗಿಯುತ್ತಿತ್ತು. ನೀವು ಕೊಟ್ಟ ಎಲೆ ಅಡಿಕೆ ತೆಗೆದುಕೊಂಡು ಹೊರಟೆ.

ಹದಿನೈದು ದಿನಕ್ಕೆ ಆಯಿತು. ನೀವು ಮಧ್ಯಾಹ್ನ ಚಕ್ಲಿಗೆ ಹುಳ ತಿನ್ನಿಸಿ, ಗಾಜು ಹಾಕಿ, ಮಲಗಿದಿರಿ. ಎದ್ದು ಬಚ್ಚಲಿಗೆ ಹೋದಿರಿ, ಬಾಗಿಲು ಎಳೆದಿರಿ. ಮೇಘಾ ಸಂಜೆ ಬಂದಾಗ ಗಾಜು ಮೂರು ಬೆರಳು ತೆರೆದಿತ್ತು. ಬಚ್ಚಲ ಬಾಗಿಲ ಸಂದಿಯಲ್ಲಿ ಬಾಲ ಸಿಕ್ಕಿಕೊಂಡಿತ್ತು, ಬರೀ ಬಾಲ. ಮೂರನೇ ದಿನ ಫ್ರಿಜ್ಜಿನ ಹಿಂದೆ ಇರುವೆ ಸಾಲು ನೋಡಿ ಉಳಿದದ್ದು ಸಿಕ್ಕಿತು. ಮಾವ ಸಿಕ್ಕಿದ್ದೂ ಮೂರನೇ ದಿನ ಎಂದು ಮೇಲೆ ಬರೆದೆನಲ್ಲ — ಈಗ ಅನುಮಾನ ಬರುತ್ತಿದೆ. ಎರಡನೇ ದಿನವೇ ಇದ್ದಿರಬಹುದು. ಎರಡು ಲೆಕ್ಕವೂ ಒಂದೇ ಬರಲಿ ಎಂದು ನಾನು ಹೊಂದಿಸಿಕೊಂಡಿರಬಹುದು. ಸೇಡು ತೀರಿಸಿಕೊಳ್ಳುವವರಿಗೆ ಎಲ್ಲವೂ ಅಳತೆಗೆ ಸರಿಯಾಗಿ ಕೂರಬೇಕು.

ಮೇಘಾ ನಿಮಗೆ ಹೇಳಿದ ಮಾತನ್ನು ನೀವೇ ನನಗೆ ಆಮೇಲೆ ಹೇಳಿದಿರಿ: "ಒಂದ್ ಡೋರ್ ಬಂದ್ ಮಾಡೋಕ್ಕೆ ಎಷ್ಟು ಟೈಮ್ ಲಗ್ತಾ ಹೈ ಅಮ್ಮಾ?"

ಫೋನ್ ಇಟ್ಟು ನಾನು ನಕ್ಕೆ. ನಲ್ಲಿ ಬಿಟ್ಟು, ಆ ಸದ್ದಿನಲ್ಲಿ, ಗಂಡನಿಗೆ ಕೇಳದ ಹಾಗೆ ನಕ್ಕೆ. ಇದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಬರೆದೂ ಪ್ರಯೋಜನವಿಲ್ಲ.

ಆದರೆ ಇದೂ ದೊಡ್ಡ ತಪ್ಪಲ್ಲ. ದೊಡ್ಡದು ಮಾರನೆಯ ದಿನ ಬೆಳಗ್ಗೆ ಅಂಗಡಿಯಲ್ಲಿ ಆಯಿತು. ಮೇಘಾಳ ಫೋನ್ ಬಂತು.

"ಮಾಮಿ, ಸಚ್ ಬತಾಯಿಯೇ. ಆ ಗಾಜು ಅಪ್ನೇ ಆಪ್ ತೆರ್ಕೊಳ್ಳತ್ತಾ?"

ಅವಳು ನನ್ನನ್ನು ಕೇಳಿದ್ದು ಮಾಮಿ ಎಂದಲ್ಲ, ಕೆಲಸ ಗೊತ್ತಿರುವವಳು ಎಂದು. ಮೂವತ್ತು ವರ್ಷ ಗಾಜು ಕೊಯ್ದ ಕೈ ಇದು. ನನ್ನ ಮಾತೇ ಕೊನೆಯ ಮಾತು.

"ಹಾಕಿದ ಗಾಜು ತಾನಾಗಿ ತೆರೆಯಲ್ಲ, ಮೇಘಾ" ಎಂದೆ.

ಆಗ ಅಂಗಡಿಯ ಗೋಡೆಯಲ್ಲಿ, ಕನ್ನಡಿಗಳ ಹಿಂದೆ, ಒಂದು ಹಲ್ಲಿ ಲೊಚಗುಟ್ಟಿತು. ನಾವು ಚಿಕ್ಕವರಿದ್ದಾಗಿನಿಂದ ಕಲಿತದ್ದು: ಮಾತಾಡಿದ ಮೇಲೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ. ನನ್ನ ಬೆರಳು ತಾನಾಗಿ ಮೇಜಿನ ಗಾಜಿನ ಮೇಲೆ ಕುಟ್ಟಿತು, ಬಾಯಿ ತಾನಾಗಿ 'ಕೃಷ್ಣ ಕೃಷ್ಣ' ಎಂದಿತು. ಸುಳ್ಳು ಹೇಳಿ, ಅದಕ್ಕೆ ದೇವರ ಹೆಸರಿನಲ್ಲಿ ರುಜು ಹಾಕಿದೆ. ಫೋನಿನ ಆ ಕಡೆ ಮೇಘಾಳಿಗೆ ಅದೂ ಕೇಳಿಸಿರಬೇಕು.

ಅವಳು ಇನ್ನೊಂದು ಪ್ರಶ್ನೆ ಕೇಳಿದಳು. "ಅಮ್ಮ ಹೇಳ್ತಾಳೆ, ಗೌರಿ ಹಬ್ಬದ ದಿನ ನಿಮಗೆ ಹೇಳಿದ್ಲಂತೆ. ಗಾಜು ಸರಿಯತ್ತೆ ಅಂತ. ಹೇಳಿದ್ಲಾ?"

"ಇಲ್ಲವಲ್ಲ" ಎಂದೆ.

ಒಂದೇ ಪದ. ಆ ಪದದವರೆಗೆ ನೀವು ಮರೆಗುಳಿಯಾಗಿದ್ದಿರಿ, ಅಷ್ಟೇ. ಆ ಪದದ ನಂತರ ಸುಳ್ಳಿಯಾದಿರಿ. ಸತ್ತ ಹಲ್ಲಿಗಾಗಿ ಅವಳು ನಿಮ್ಮನ್ನು ಬಿಟ್ಟು ಹೋಗುತ್ತಿರಲಿಲ್ಲ. ಅಮ್ಮ ತನ್ನ ಮುಖ ನೋಡಿಕೊಂಡು ಸುಳ್ಳು ಹೇಳಿ ತಪ್ಪಿಸಿಕೊಂಡಳು ಎಂದು ಹೋದಳು. ಮುರಿದ ಮದುವೆಯಲ್ಲಿ ಅವಳು ಕೇಳಿದ್ದೆಲ್ಲ ಸುಳ್ಳೇ ಆಗಿತ್ತು; ಇನ್ನೊಂದನ್ನು ತಡೆದುಕೊಳ್ಳಲು ಅವಳಿಂದ ಆಗಲಿಲ್ಲ. ಆ ತಿಂಗಳ ಕೊನೆಗೆ ಬಾಂದ್ರಾದಲ್ಲಿ ಇಬ್ಬರು ಹುಡುಗಿಯರ ಜೊತೆ ರೂಮು ಹಿಡಿದಳು. ಮೂರು ವರ್ಷವಾಯಿತು. ದೀಪಾವಳಿಗೆ ಒಂದು ಗಂಟೆ ಬರುತ್ತಾಳೆ, ಚಪ್ಪಲಿಯನ್ನು ಬಾಗಿಲ ಹತ್ತಿರವೇ ಬಿಟ್ಟು, ಅದರ ಪಕ್ಕದ ಕುರ್ಚಿಯಲ್ಲೇ ಕೂತು ಹೋಗುತ್ತಾಳೆ ಎಂದು ನೀವು ಹೇಳಿದಿರಿ.

ನನ್ನ ನೆನಪನ್ನು ನಂಬಬೇಡಿ ಎಂದೆನಲ್ಲ. ಇಷ್ಟಾದ ಮೇಲೂ ನನ್ನ ತಲೆಯೊಳಗೆ ಒಂದು ಬೇರೆ ಕಥೆ ಇತ್ತು. ನೆಲವೇ ವಾಲಿತ್ತು, ನಾನು ಸರಿಮಾಡದೆ ಬಿಟ್ಟೆ ಅಷ್ಟೇ. ಮಾಡಿದ್ದಲ್ಲ, ಮಾಡದೆ ಇದ್ದದ್ದು. ಈ ಕಥೆಯನ್ನು ನಾನು ನಿಜವಾಗಿಯೂ ನಂಬಿದ್ದೆ. ಮೇಘಾ ಹೋದ ಮೇಲೆ ನೀವು ಕಪಾಟು ಬಿಚ್ಚಿ ತೆಗೆಯಲು ನನ್ನನ್ನೇ ಕರೆದಿರಿ. ಕೆಳಗಿನ ಪಟ್ಟಿಯ ಸ್ಕ್ರೂ ಬಿಚ್ಚಿ ಎತ್ತಿದೆ. ಎಡಗಡೆಯ ತುದಿಯ ಕೆಳಗೆ ಎರಡು ಮಡಿಕೆ ಮಾಡಿದ ದಪ್ಪ ಕಾಗದ ಒಂದಿತ್ತು. ಬಿಡಿಸಿದರೆ — ನಮ್ಮ ಅಂಗಡಿಯ ಕಾರ್ಡು. ಎತ್ತರ ಕೊಡಲು ನಾನು ಯಾವಾಗಲೂ ಚೀಲದಲ್ಲಿ ಇಟ್ಟುಕೊಳ್ಳುವ ಕಾರ್ಡು. ನೆಲ ಸಮವಾಗಿಯೇ ಇತ್ತು. ಲೆವೆಲ್ ಇಟ್ಟು ನೋಡಿದೆ, ಗುಳ್ಳೆ ನಟ್ಟ ನಡುವೆ ನಿಂತಿತು. ವಾಲಿಸಿದವಳು ನಾನು. ಅದನ್ನು ಸೇರಿಸಿದ ಕ್ಷಣ ನನಗೆ ಈಗಲೂ ನೆನಪಿಲ್ಲ. ಕೈ ಮಾಡಿತು, ತಲೆ ಅದನ್ನು ಒರೆಸಿತು, ಆ ಸೀಮೆಸುಣ್ಣದ ಗೆರೆಯ ಹಾಗೆ.

ನೀವು ಹಿಂದೆ ನಿಂತಿದ್ದಿರಿ. "ಏನದು?" ಎಂದಿರಿ. "ಕಸ" ಎಂದು ಹೇಳಿ ಪರ್ಸಿನಲ್ಲಿಟ್ಟುಕೊಂಡೆ.

ಅಂದಿನಿಂದ ಮಾವನ ಮಧ್ಯಾಹ್ನವನ್ನೂ ನಾನು ಮೊದಲಿನ ಹಾಗೆ ನೆನಪಿಸಿಕೊಳ್ಳಲಾರೆ. ಆ ಚಿಲಕದ ಕೆಳಗೆ ಬಿಡಿಸಿ ನೋಡಲು ಯಾವ ಕಾರ್ಡೂ ಇಲ್ಲ.

ಇಷ್ಟು ದಿನ ಸುಮ್ಮನಿದ್ದವಳು ಈಗ ಯಾಕೆ? ಹೋದ ತಿಂಗಳು ಮಾಟುಂಗಾದಲ್ಲಿ ಒಂದು ನಾಮಕರಣಕ್ಕೆ ನಾವಿಬ್ಬರೂ ಹೊರಟೆವು. ನೀವು ಬೀಗ ಹಾಕಿದಿರಿ, ಒಂದು ಮಹಡಿ ಇಳಿದಿರಿ, ವಾಪಸ್ ಹತ್ತಿದಿರಿ. ಬೀಗ ಎಳೆದು ನೋಡಿದಿರಿ. ಇಳಿದಿರಿ. ಗೇಟಿನಿಂದ ಮತ್ತೆ ವಾಪಸ್. ನಿಮ್ಮ ಮಂಡಿ ನೋವು ನನಗೆ ಗೊತ್ತು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು. ನಾನು ಕೆಳಗೆ ನಿಂತು ನೋಡುತ್ತಿದ್ದೆ. ಆ ಎಳೆಯುವ ರೀತಿ — ಎರಡು ಸಲ ಎಳೆದು, ಬಿಟ್ಟು, ಅಂಗೈಯಿಂದ ಒಮ್ಮೆ ತಟ್ಟುವುದು — ನನ್ನದು. ನನ್ನ ಕೈ ನಿಮ್ಮ ತೋಳಿಗೆ ಬಂದಿತ್ತು.

ಮೂರನೇ ಸಲ ಇಳಿದು ಬಂದು ನನ್ನ ಮಣಿಕಟ್ಟು ಹಿಡಿದಿರಿ.

"ವಿಮಲಾ, ನೀನು ನೋಡಿದ್ಯಲ್ಲ. ಹಾಕ್ದೆ ತಾನೆ ನಾನು?"

"ಹಾಕಿದ್ರಿ ಅತ್ತಿಗೆ" ಎಂದೆ.

ಮೂರು ವರ್ಷದ ಹಿಂದೆ ಹೇಳಬೇಕಾಗಿದ್ದ ಮಾತನ್ನು ಒಂದು ಬೀಗಕ್ಕೆ ಹೇಳಿದೆ. ನೀವು ಎಷ್ಟು ಸಮಾಧಾನಪಟ್ಟಿರಿ! ನಾನು ಬೇಡಿಕೊಂಡದ್ದು ಪೂರ್ತಿ ಸಿಕ್ಕಿತ್ತು: ನನಗೆ ಕೊಟ್ಟದ್ದನ್ನು, ಅಷ್ಟೇ ತೂಕದ್ದನ್ನು, ನಾನು ನಿಮಗೆ ಕೊಟ್ಟಿದ್ದೆ. ಗೇಟು ದಾಟುವವರೆಗೆ ಅದರ ರುಚಿ ಬಾಯಲ್ಲಿತ್ತು. ಹೌದು, ಆಗಲೂ ಇತ್ತು. ಟ್ಯಾಕ್ಸಿಯಲ್ಲಿ ನೀವು, ಪರ್ಸನ್ನು ಎರಡು ಕೈಯಿಂದ ಹಿಡಿದು, ಕಿಟಕಿಯ ಆಚೆ ನೋಡುತ್ತಾ, ನನಗೆ ಕೇಳಲೆಂದಲ್ಲ, ನಿಮಗೆ ನೀವೇ ಮೆಲ್ಲಗೆ ಹೇಳಿಕೊಳ್ಳುತ್ತಿದ್ದಿರಿ — "ಹಾಕಿದ್ದೆ. ಹಾಕಿದ್ದೆ." ಬೀಗದ ವಿಷಯವಲ್ಲ ಅದು.

ಆ ಮಾತನ್ನು ನಾನು ಒಂಬತ್ತು ವರ್ಷ ಹೇಳಿಕೊಂಡಿದ್ದೇನೆ ಅತ್ತಿಗೆ. ಅದೇ ದನಿ.

ಮಾವನ ವಿಷಯದಲ್ಲಿ ನಿಮ್ಮನ್ನು ನಾನು ಇನ್ನೂ ಕ್ಷಮಿಸಿಲ್ಲ. ಇದನ್ನು ಮುಚ್ಚಿಟ್ಟು ಕ್ಷಮೆ ಕೇಳಿದರೆ ಅದೂ ಒಂದು ವಾಲಿದ ಕೆಲಸವೇ ಆಗುತ್ತದೆ. ಆ ಸಿಟ್ಟು ನನ್ನದು, ನನ್ನ ಬಳಿಯೇ ಇರಲಿ. ಆದರೆ ಮೇಘಾ ಅದರ ಭಾಗ ಅಲ್ಲ, ಚಕ್ಲಿ ಅದರ ಭಾಗ ಅಲ್ಲ, ನೀವು ಹಾಕಿದ ಬಾಗಿಲು ಅದರ ಭಾಗ ಅಲ್ಲ.

ಮೇಘಾಳಿಗೆ ಕನ್ನಡ ಓದಲು ಬರುವುದಿಲ್ಲ. ಇದನ್ನು ಕನ್ನಡದಲ್ಲಿ ಬರೆಯಲು ಕೂತಾಗ ನನ್ನೊಳಗೆ ಎಲ್ಲೋ ಆ ಲೆಕ್ಕವೂ ಇದ್ದಿರಬೇಕು — ತಪ್ಪು ಒಪ್ಪಿಕೊಂಡ ಹಾಗೂ ಆಗಬೇಕು, ತಿಳಿಯಬೇಕಾದವಳಿಗೆ ತಿಳಿಯಲೂಬಾರದು. ಆದ್ದರಿಂದ ಭಾನುವಾರ ಬಾಂದ್ರಾಕ್ಕೆ ಹೋಗುತ್ತೇನೆ. ಅವಳ ಎದುರು ಕೂತು ಇದನ್ನು ಮೊದಲ ಸಾಲಿನಿಂದ ಓದಿ ಹೇಳುತ್ತೇನೆ, ಅರ್ಥವಾಗದ ಕಡೆ ಹಿಂದಿಯಲ್ಲಿ. ಮಡಿಕೆ ಬಿದ್ದ ಆ ಕಾರ್ಡನ್ನು, ಪ್ಯಾಕೆಟ್ಟೇ ಒಡೆಯದ ಆ ಬೀಗವನ್ನು ಅವಳ ಕೈಗೆ ಕೊಡುತ್ತೇನೆ. ನಕ್ಕಿದ್ದನ್ನೂ ಬಿಡುವುದಿಲ್ಲ. ಅವಳು ಏನೇ ಕೇಳಿದರೂ ಈ ಸಲ 'ಇಲ್ಲವಲ್ಲ' ಎನ್ನುವುದಿಲ್ಲ.

ಅಲ್ಲಿಂದ ದಾದರ್, ದಾದರ್‌ನಿಂದ ಸಯನ್. ಸಂಜೆಯೊಳಗೆ ನಿಮ್ಮ ಮನೆಯ ಮುಂದೆ ಇರುತ್ತೇನೆ. ಇದನ್ನು ಮತ್ತೊಮ್ಮೆ ಓದುತ್ತೇನೆ, ಮೆಟ್ಟಿಲ ಮೇಲೆ ನಿಂತು, ಪಕ್ಕದ ಮನೆಯವರಿಗೂ ಕೇಳುವ ಹಾಗೆ. ನೀವು ಬಾಗಿಲು ತೆರೆಯಬೇಕಿಲ್ಲ.